ಸಲಹೆ ಕೇಳಲು ಯಾರ ಹತ್ತಿರ ಹೋಗಬೇಕು? ಸೆಬಿ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ಷೇರುಪತ್ರ ಮತ್ತು ವಿನಿಮಯ ಮಂಡಳಿ (ಸೆಬಿ),
ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಮುಂಬೈ.

ಪ್ರತಿಗಳು: ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್, ಕೇಂದ್ರ ಹಣಕಾಸು ಸಚಿವಾಲಯ, ನವದೆಹಲಿ.

ವಿಷಯ: ಹಣಕಾಸು ಯೋಜನೆಯ ವೃತ್ತಿ ಸಣ್ಣ ಊರುಗಳಿಗೂ ತಲುಪುವಂತೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಶಿವಮೊಗ್ಗದಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಸಿಎ ಅಲ್ಲ. ನನ್ನ ಹತ್ತಿರ ಬರುವವರು ಶಾಲಾ ಶಿಕ್ಷಕರು, ನರ್ಸ್‌ಗಳು, ಪಿಂಚಣಿದಾರರು, ಅಂಗಡಿ ಇಟ್ಟವರು, ಒಂದಿಷ್ಟು ಅಡಿಕೆ ಬೆಳೆಗಾರರು. ಫಾರ್ಮ್ 16ರ ಜೊತೆಗೆ ಅವರು ತಮ್ಮ ಪಾಲಿಸಿ ರಸೀದಿ, ಎಫ್‌ಡಿ ಕಾಗದ, ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಹಾಗಾಗಿ ಈ ಊರಿನ ಮಧ್ಯಮ ವರ್ಗದ ದುಡ್ಡು ಎಲ್ಲಿ ಹೋಗುತ್ತಿದೆ ಅನ್ನುವುದು ನನಗೆ ಸ್ವಲ್ಪ ಮಟ್ಟಿಗೆ ಕಾಣುತ್ತದೆ. ರಿಟರ್ನ್ ಮುಗಿದ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಇಷ್ಟು ದುಡ್ಡಿದೆ ಸಾರ್, ಎಲ್ಲಿ ಹಾಕಲಿ?"

ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ನೋಂದಣಿ ಇಲ್ಲದವರು ಶುಲ್ಕ ಪಡೆದು ಹೂಡಿಕೆ ಸಲಹೆ ಕೊಡಬಾರದು ಎಂದು ನೀವೇ ನಿಯಮ ಮಾಡಿದ್ದೀರಿ. ನಿಯಮ ಸರಿಯಾಗಿಯೇ ಇದೆ. ಆದರೆ ಆ ಅಧಿಕಾರ ಇರುವ ಒಬ್ಬರ ಹತ್ತಿರ ಇವರನ್ನು ಕಳಿಸೋಣ ಅಂದರೆ ಯಾರ ಹತ್ತಿರ ಕಳಿಸಲಿ? ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಿಮ್ಮ ಬಳಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರ ಸಂಖ್ಯೆ ಇಡೀ ದೇಶಕ್ಕೆ ಸಾವಿರದ ಆಸುಪಾಸಿನಲ್ಲೇ ಇದೆ. ನೂರ ನಲವತ್ತು ಕೋಟಿ ಜನರಿಗೆ ಹಂಚಿದರೆ ಹದಿನಾಲ್ಕು ಲಕ್ಷ ಜನಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ ಇತ್ತು. ಅಂದರೆ ಲೆಕ್ಕದ ಪ್ರಕಾರ ಇಡೀ ಜಿಲ್ಲೆಗೆ, ಸಾಗರ, ಸೊರಬ, ಶಿಕಾರಿಪುರ, ತೀರ್ಥಹಳ್ಳಿ ಎಲ್ಲ ಸೇರಿ, ಒಬ್ಬರೋ ಇಬ್ಬರೋ. ಅದೂ ಕಾಗದದ ಮೇಲಿನ ಲೆಕ್ಕ. ನಿಮ್ಮ ವೆಬ್‌ಸೈಟಿನ ಪಟ್ಟಿ ತೆರೆದರೆ ಕಣ್ಣಿಗೆ ಬೀಳುವುದು ಮುಂಬೈ, ಬೆಂಗಳೂರು, ದೆಹಲಿ, ಪುಣೆಯ ವಿಳಾಸಗಳೇ ಜಾಸ್ತಿ. ಇನ್ನೊಂದು ಕಡೆ ಎಲ್‌ಐಸಿ ಒಂದಕ್ಕೇ ಹದಿಮೂರು ಲಕ್ಷಕ್ಕೂ ಹೆಚ್ಚು ಏಜೆಂಟರಿದ್ದಾರೆ. ಮ್ಯೂಚುವಲ್ ಫಂಡ್ ವಿತರಕರು ಲಕ್ಷ ದಾಟಿದ್ದಾರೆ. ಬ್ಯಾಂಕ್ ಶಾಖೆಗಳಲ್ಲಿ ಪಾಲಿಸಿ ಮಾರುವ ಸಿಬ್ಬಂದಿ ಬೇರೆ. ಮಾರುವವರು ಲಕ್ಷಗಟ್ಟಲೆ, ಕೊಳ್ಳುವವರ ಪರ ಕೂತು ಲೆಕ್ಕ ಹಾಕುವವರು ಸಾವಿರ. ಇದರ ಫಲ ಏನೆಂದು ತಮಗೆ ಒಂದು ಉದಾಹರಣೆಯಲ್ಲಿ ತಿಳಿಸುತ್ತೇನೆ.

ನಮ್ಮಲ್ಲಿಗೆ ಬರುವ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯ ಹಣ ಅವರ ಖಾತೆಗೆ ಜಮಾ ಆದ ವಾರದಲ್ಲೇ ಬ್ಯಾಂಕಿನಿಂದ ಫೋನ್ ಬಂತು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಈ ಕಥೆ ಯಾವುದೋ ಒಂದು ಬ್ಯಾಂಕಿನದಲ್ಲ. ಹೋದಾಗ ಕುರ್ಚಿ ಹಾಕಿ, ಕಾಫಿ ಕೊಟ್ಟು, "ಮೇಡಂ, ಎಫ್‌ಡಿ ಥರಾನೇ, ಆದ್ರೆ ಬೋನಸ್ಸೂ ಬರುತ್ತೆ" ಎಂದು ಹೇಳಿದರು. ಸಹಿ ಹಾಕಿದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ವಿಮಾ ಕಂಪನಿಯಿಂದ ಖಚಿತಪಡಿಸಿಕೊಳ್ಳುವ ಕರೆ ಬಂದಾಗ "ಎಲ್ಲದಕ್ಕೂ ಹೂಂ ಅನ್ನಿ, ಅದು ಫಾರ್ಮಾಲಿಟಿ" ಎಂದು ಪಕ್ಕದಲ್ಲೇ ನಿಂತು ಹೇಳಿಕೊಟ್ಟರಂತೆ. ಮುಂದಿನ ವರ್ಷ ಮೂರು ಲಕ್ಷ ರೂಪಾಯಿಯ ಪ್ರೀಮಿಯಂ ನೋಟಿಸ್ ಬಂದಾಗಲೇ ಅವರಿಗೆ ಗೊತ್ತಾಗಿದ್ದು: ಇದು ಎಫ್‌ಡಿ ಅಲ್ಲ, ಹತ್ತು ವರ್ಷ ಕಟ್ಟಬೇಕಾದ ಪಾಲಿಸಿ. ಪಿಂಚಣಿಯಲ್ಲಿ ಬದುಕುವವರು ವರ್ಷಕ್ಕೆ ಮೂರು ಲಕ್ಷ ಎಲ್ಲಿಂದ ತರಬೇಕು?

ಆ ಪಾಲಿಸಿ ಹಳೆಯ ನಿಯಮದ ಕಾಲದ್ದು. ಒಂದೇ ಕಂತು ಕಟ್ಟಿ ಬಿಟ್ಟರೆ ಒಂದು ಪೈಸೆಯೂ ವಾಪಸ್ ಬರುತ್ತಿರಲಿಲ್ಲ. ಪಾಲಿಸಿ ಬೇಡ ಎಂದು ಹಿಂದಿರುಗಿಸಲು ಆಗ ಇದ್ದ ಹದಿನೈದು ದಿನ ಯಾವಾಗಲೋ ಮುಗಿದಿತ್ತು. ಕಂಪನಿಗೆ ದೂರು ಕೊಟ್ಟರು. "ನೀವೇ ಸಹಿ ಮಾಡಿದ್ದೀರಿ, ಕರೆಯಲ್ಲಿ ಒಪ್ಪಿದ್ದೀರಿ" ಎಂಬ ಉತ್ತರ ಬಂತು. ಆಮೇಲೆ ವಿಮಾ ದೂರುಗಳನ್ನು ಕೇಳುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆದರು. ಕೊನೆಗೆ ದುಡ್ಡು ವಾಪಸ್ ಬಂತು, ಬಡ್ಡಿ ಬರಲಿಲ್ಲ. ಅವರು ಮೇಷ್ಟ್ರು, ಕಾಗದ ಪತ್ರ ಬರೆಯಬಲ್ಲವರು, ಹಟ ಹಿಡಿದು ಕೂತರು. ಎಷ್ಟು ಜನ ಅಲ್ಲಿಯವರೆಗೆ ಹೋಗುತ್ತಾರೆ ಹೇಳಿ? ಆ ಪಾಲಿಸಿ ಮಾರಿದವರಿಗೆ ಏನಾಯಿತು ಎಂದು ಅವರಿಗೆ ಯಾರೂ ತಿಳಿಸಲಿಲ್ಲ.

ಅವರಿಗೆ ಆ ದಿನ ಬೇಕಾಗಿದ್ದ ಸಲಹೆ ತೀರಾ ಸರಳವಾಗಿತ್ತು. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಿಂದ ಅದರಲ್ಲಿ 30 ಲಕ್ಷದವರೆಗೆ ಇಡಬಹುದು. ಆಗ 8.2 ಶೇಕಡಾ ಬಡ್ಡಿ ಇತ್ತು, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಆಸ್ಪತ್ರೆ ಖರ್ಚಿಗೆ ಒಂದಿಷ್ಟು ಬೇರೆ ಇಟ್ಟು, ಉಳಿದಿದ್ದನ್ನು ಅಲ್ಲಿಗೆ ಹಾಕಿ ಎಂದು ಹೇಳುವ ಒಬ್ಬರಿದ್ದರೆ ಸಾಕಿತ್ತು. ಆದರೆ ಆ ಯೋಜನೆಗೆ ಇದ್ದ ಏಜೆಂಟ್ ಕಮಿಷನ್ನನ್ನು ಸರ್ಕಾರ 2011ರಲ್ಲೇ ನಿಲ್ಲಿಸಿತು. ಕಮಿಷನ್ ಇಲ್ಲದ ಕಡೆಗೆ ದಾರಿ ತೋರಿಸುವುದರಿಂದ ಯಾರಿಗೂ ಲಾಭವಿಲ್ಲ. ಹಾಗಾಗಿ ಯಾರೂ ತೋರಿಸಲಿಲ್ಲ, ಅಷ್ಟೇ.

ನಿಮ್ಮ ಮೊದಲ ಉತ್ತರ ಏನೆಂದು ಊಹಿಸಬಲ್ಲೆ. ವಿಮೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಹೈದರಾಬಾದಿಗೆ ಬರೆಯಿರಿ ಅನ್ನುತ್ತೀರಿ. ಹೈದರಾಬಾದಿನವರು ಬ್ಯಾಂಕ್ ಸಿಬ್ಬಂದಿ ರಿಸರ್ವ್ ಬ್ಯಾಂಕಿನ ಕೆಳಗೆ ಅನ್ನಬಹುದು. ಪಿಂಚಣಿ ಅಂದರೆ ಇನ್ನೊಂದು ಪ್ರಾಧಿಕಾರ. ಆದರೆ ಮನುಷ್ಯನ ದುಡ್ಡು ಹೀಗೆ ನಾಲ್ಕು ಕಚೇರಿಗಳಲ್ಲಿ ಹಂಚಿಕೊಂಡು ಕೂತಿರುವುದಿಲ್ಲವಲ್ಲ? ಮಗಳ ಮದುವೆ, ಮನೆ ಸಾಲ, ವಿಮೆ, ಪಿಂಚಣಿ, ಎಲ್ಲ ಒಂದೇ ಸಂಬಳದಿಂದ ಹೋಗಬೇಕು. ಇವೆಲ್ಲವನ್ನೂ ಒಟ್ಟಿಗೆ ನೋಡುವುದೇ ಹಣಕಾಸು ಯೋಜನೆ. ಅದನ್ನು ಮಾಡುವ ವೃತ್ತಿಗೆ ಮಾತ್ರ ಈ ದೇಶದಲ್ಲಿ ಸ್ವಂತ ಮನೆಯಿಲ್ಲ. ನಿಮ್ಮ ನಿಯಮಗಳಲ್ಲಿ ಅದು ಹೂಡಿಕೆ ಸಲಹೆಯ ಒಂದು ಮೂಲೆಯಲ್ಲಿ ಬಾಡಿಗೆಗಿದೆ.

ಇದು ಬೆಳೆದು ಬಂದ ದಾರಿಯನ್ನು ಸ್ವಲ್ಪ ನೆನಪಿಸುತ್ತೇನೆ, ತಮಗೆ ಗೊತ್ತಿಲ್ಲವೆಂದಲ್ಲ, ಓದುವ ಬೇರೆಯವರಿಗಾಗಿ. 1956ರಲ್ಲಿ ಎಲ್‌ಐಸಿ ಹುಟ್ಟಿದ ಮೇಲೆ ಊರೂರಿನ ಏಜೆಂಟರೇ ನಮ್ಮ ಹಣಕಾಸು ಗುರುಗಳು. ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಎಷ್ಟೋ ಮನೆಗಳಲ್ಲಿ ಯಜಮಾನ ಹೋದ ಮೇಲೆ ಮಕ್ಕಳ ಓದು ನಿಲ್ಲದೆ ಇದ್ದದ್ದು ಅವರು ಬೆನ್ನು ಬಿದ್ದು ಮಾಡಿಸಿದ ಪಾಲಿಸಿಯಿಂದ. 2000ದ ನಂತರ ಖಾಸಗಿ ವಿಮಾ ಕಂಪನಿಗಳು ಬಂದವು, ಮ್ಯೂಚುವಲ್ ಫಂಡ್ ಬೆಳೆಯಿತು. ಅದೇ ಹೊತ್ತಿಗೆ ಹಣಕಾಸು ಯೋಜಕರದ್ದೇ ಒಂದು ಸಂಘ ಹುಟ್ಟಿ, ಹೊರದೇಶಗಳಲ್ಲಿದ್ದ, ಹಣಕಾಸು ಯೋಜಕರಿಗೆ ಕೊಡುವ ಸಿಎಫ್‌ಪಿ ಪ್ರಮಾಣಪತ್ರ ಇಲ್ಲಿಗೂ ಬಂತು. ವೃತ್ತಿಯ ಬೀಜ ಬಿದ್ದಿದ್ದು ಆಗ. ಆದರೆ ದುಡ್ಡು ಇದ್ದದ್ದು ಮಾರಾಟದಲ್ಲಿ. ವಿಮೆ, ಹೂಡಿಕೆ ಎರಡನ್ನೂ ಸೇರಿಸಿದ ಯುಲಿಪ್ ಪಾಲಿಸಿಗಳ ಆ ಭರಾಟೆಯಲ್ಲಿ ಷೇರುಪೇಟೆಯ ಹೆಸರಲ್ಲಿ ಪಾಲಿಸಿ ಕೊಂಡು ಸುಟ್ಟುಕೊಂಡವರು ನನ್ನ ಮೇಜಿಗೆ ಇಂದಿಗೂ ಬರುತ್ತಾರೆ.

2009ರ ಆಗಸ್ಟ್ 1ರಿಂದ ನೀವು ಮ್ಯೂಚುವಲ್ ಫಂಡ್‌ನ ಪ್ರವೇಶ ಶುಲ್ಕ ತೆಗೆದಿರಿ. ಅಲ್ಲಿಯವರೆಗೆ ನೂರು ರೂಪಾಯಿ ಹಾಕಿದರೆ ಎರಡೂಕಾಲು ರೂಪಾಯಿ ಮೊದಲ ದಿನವೇ ಹೋಗುತ್ತಿತ್ತು. ಒಳ್ಳೆಯ ಕೆಲಸ. ಅದೇ ವರ್ಷ ಸರ್ಕಾರ ನೇಮಿಸಿದ್ದ ಸ್ವರೂಪ್ ಸಮಿತಿ, ಸಲಹೆಗಾರನಿಗೆ ಕಂಪನಿ ಕಮಿಷನ್ ಕೊಡುವುದು ಎಲ್ಲ ಚಿಲ್ಲರೆ ಹಣಕಾಸು ಉತ್ಪನ್ನಗಳಲ್ಲೂ 2011ರ ಏಪ್ರಿಲ್ ಹೊತ್ತಿಗೆ ನಿಲ್ಲಲಿ ಎಂದಿತು. ಅದು ನಿಲ್ಲಲಿಲ್ಲ. ಫಂಡ್‌ನಲ್ಲಿ ಪ್ರವೇಶ ಶುಲ್ಕ ಹೋಯಿತು, ವಿಮೆಯಲ್ಲಿ ಕಮಿಷನ್ ಉಳಿಯಿತು. ಮಾರುವವರು ಯಾವ ಕಡೆ ಹೋಗುತ್ತಾರೆ ಅನ್ನುವುದಕ್ಕೆ ಸಮಿತಿ ಬೇಕಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಯುಲಿಪ್ ಯಾರ ಕೈಕೆಳಗೆ ಎಂದು ನಿಮ್ಮ ಮಂಡಳಿಗೂ ವಿಮಾ ಪ್ರಾಧಿಕಾರಕ್ಕೂ ಜಗಳವಾಯಿತು. ನೀವು ಹದಿನಾಲ್ಕು ಕಂಪನಿಗಳಿಗೆ ತಡೆ ಹಾಕಿದಿರಿ. ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂದು ಯುಲಿಪ್ ವಿಮೆಯ ಪಾಲಾಯಿತು. ಆವತ್ತಿನಿಂದ ಗಡಿ ಗಟ್ಟಿಯಾಯಿತು. ಗಡಿಯ ಮಧ್ಯೆ ಸಿಕ್ಕವರು ನಾವು.

2013 ಮುಖ್ಯ ವರ್ಷ. ಆ ಜನವರಿಯಲ್ಲೇ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಬಂದವು, ಹೂಡಿಕೆ ಸಲಹೆಗಾರರ ನಿಯಮಗಳೂ ಬಂದವು. ಜನರಿಂದ ಶುಲ್ಕ ಪಡೆದು, ಜನರಿಗೆ ಮಾತ್ರ ಉತ್ತರ ಹೇಳುವ ಸಲಹೆಗಾರ ಎಂಬ ಕಲ್ಪನೆಗೆ ಕಾನೂನಿನ ಬಲ ಬಂದಿದ್ದು ಆಗ. ಇದಕ್ಕೆ ನಿಮ್ಮ ಮಂಡಳಿಗೆ ನಿಜವಾಗಿ ಕೃತಜ್ಞತೆ ಹೇಳಬೇಕು. 2015ರಲ್ಲಿ ಹಣಕಾಸು ಸಚಿವಾಲಯ ನೇಮಿಸಿದ್ದ ಸುಮಿತ್ ಬೋಸ್ ಸಮಿತಿಯೂ ವಿಮೆಯ ಹೂಡಿಕೆ ಭಾಗಕ್ಕೆ ಮುಂಗಡ ಕಮಿಷನ್ ಬೇಡ, ಕಮಿಷನ್ ಎಷ್ಟೆಂದು ಗ್ರಾಹಕನಿಗೆ ತಿಳಿಸಿ ಎಂದಿತು. 2018ರಲ್ಲಿ ನೀವು ಫಂಡ್‌ಗಳ ಮಟ್ಟಿಗೆ ಮುಂಗಡ ಕಮಿಷನ್ ನಿಲ್ಲಿಸಿಯೂ ಬಿಟ್ಟಿರಿ. ಪಕ್ಕದ ಮನೆಯಾದ ವಿಮೆಯಲ್ಲಿ ಮಾತ್ರ ವರದಿ ಕಪಾಟಿನಲ್ಲಿ ಉಳಿಯಿತು. 2023ರ ಏಪ್ರಿಲ್‌ನಿಂದ ಅಲ್ಲಿ ಒಂದೊಂದು ಪಾಲಿಸಿಗೂ ಇದ್ದ ಕಮಿಷನ್ ಮಿತಿಯೇ ಹೋಗಿ, ಕಂಪನಿಯ ಒಟ್ಟು ಖರ್ಚಿಗೆ ಮಾತ್ರ ಮಿತಿ ಬಂದಿದೆ. ಹಳೆಯ ಮಿತಿಯಲ್ಲೇ ದೀರ್ಘಾವಧಿ ಪಾಲಿಸಿಯ ಮೊದಲ ವರ್ಷದ ಪ್ರೀಮಿಯಂನಲ್ಲಿ ಶೇಕಡಾ 35ರವರೆಗೆ ಕಮಿಷನ್ ಕೊಡಬಹುದಿತ್ತು. ಮೂರು ಲಕ್ಷಕ್ಕೆ ಲೆಕ್ಕ ಹಾಕಿ ನೋಡಿ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಅದು ನೇರವಾಗಿ ನಿಮ್ಮ ಮಂಡಳಿಗೇ ಸಂಬಂಧಿಸಿದ್ದು. ಶುಲ್ಕದ ಸಲಹೆಗಾರ ಎಂಬ ಸಸಿಯನ್ನು ನೆಟ್ಟವರು ನೀವು, ಅದರ ಸುತ್ತ ಬೇಲಿಯನ್ನು ಇಕ್ಕಟ್ಟು ಮಾಡಿದವರೂ ನೀವೇ. 2020ರ ತಿದ್ದುಪಡಿಯಲ್ಲಿ ಸ್ನಾತಕೋತ್ತರ ಪದವಿ, ಐದು ವರ್ಷದ ಅನುಭವ, ವ್ಯಕ್ತಿಗೆ ಐದು ಲಕ್ಷದ ನಿವ್ವಳ ಆಸ್ತಿ, ನೂರೈವತ್ತು ಗ್ರಾಹಕರು ದಾಟಿದರೆ ಕಂಪನಿ ಮಾಡಲೇಬೇಕು ಎಂಬ ಷರತ್ತು, ಎಲ್ಲ ಒಟ್ಟಿಗೆ ಬಂದವು. ಸಲಹೆ ಮತ್ತು ಮಾರಾಟ ಒಂದೇ ಕುಟುಂಬಕ್ಕೆ ಒಬ್ಬರೇ ಮಾಡಬಾರದು ಎಂದು ಹೇಳಿದ್ದು ನೂರಕ್ಕೆ ನೂರು ಸರಿ. ಉಳಿದಿದ್ದು ಯಾರನ್ನು ತಡೆಯಲು? ಪಾಲಿಸಿ ಮಾರಲು ಒಂದು ಚಿಕ್ಕ ಪರೀಕ್ಷೆ ಸಾಕು. "ಪಾಲಿಸಿ ಬೇಡ" ಎಂದು ಹೇಳಲು ಎಂಎ, ಎಂಬಿಎ ಬೇಕಿತ್ತು. ಮಾರುವವನಿಗಿಂತ ಹೇಳುವವನ ಮೇಲೆ ಕಾಗದದ ಹೊರೆ ಜಾಸ್ತಿ: ಒಪ್ಪಂದ, ಅಪಾಯ ತಾಳುವ ಶಕ್ತಿಯ ಅಳತೆ, ಐದು ವರ್ಷದ ದಾಖಲೆ, ವರ್ಷಕ್ಕೊಮ್ಮೆ ಆಡಿಟ್. ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗಳು 2022ರಲ್ಲಿ ಹತ್ತು ಕೋಟಿ ದಾಟಿದ್ದವು, 2025ರಲ್ಲಿ ಇಪ್ಪತ್ತು ಕೋಟಿ. ಜನ ಕಂತಿನಲ್ಲಿ ಫಂಡ್‌ಗೆ ಹಾಕುವ ತಿಂಗಳ ಎಸ್‌ಐಪಿ ಹಣ 25,000 ಕೋಟಿ ಮೀರಿತು. ಸಲಹೆಗಾರರ ಸಂಖ್ಯೆ ಮಾತ್ರ ನಿಂತಲ್ಲೇ ನಿಂತಿತು, ನಡುವೆ ಇಳಿಯಿತು ಕೂಡ. ಆ ಖಾಲಿ ಜಾಗಕ್ಕೆ ಯೂಟ್ಯೂಬ್‌ನವರೂ ಟೆಲಿಗ್ರಾಂ ಗುಂಪುಗಳೂ ಬಂದು ಕೂತವು. ಆಮೇಲೆ ನೀವು ಅವರ ಹಿಂದೆ ಓಡಬೇಕಾಯಿತು.

2024ರ ಡಿಸೆಂಬರ್‌ನಲ್ಲಿ ನೀವೇ ಇದನ್ನು ಬಹಳಷ್ಟು ಸಡಿಲಿಸಿದಿರಿ. ಈಗ ಪದವಿ ಸಾಕು, ಅನುಭವದ ಷರತ್ತಿಲ್ಲ. ನಿವ್ವಳ ಆಸ್ತಿಯ ಬದಲು ಠೇವಣಿ, ನೂರೈವತ್ತು ಗ್ರಾಹಕರವರೆಗೆ ಒಂದು ಲಕ್ಷ. ಬೇರೆ ಕೆಲಸದ ಜೊತೆ ಅರೆಕಾಲಿಕವಾಗಿಯೂ ಎಪ್ಪತ್ತೈದು ಗ್ರಾಹಕರಿಗೆ ಸಲಹೆ ಕೊಡಬಹುದು. ಇದನ್ನು ಓದಿದಾಗ ನನಗೆ ಖುಷಿಯಾಯಿತು. ನಮ್ಮ ಕಾಮರ್ಸ್ ಕಾಲೇಜುಗಳಿಂದ ಪ್ರತಿ ವರ್ಷ ಹೊರಬಂದು ಬೆಂಗಳೂರಿನ ಬಸ್ ಹತ್ತುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಇಲ್ಲೇ ಇದ್ದು ಇದನ್ನು ಮಾಡಬಹುದಲ್ಲ ಅನಿಸಿತು.

ಲೆಕ್ಕವೂ ಹಾಕಿದೆ. ಒಂದು ಕುಟುಂಬಕ್ಕೆ ವರ್ಷಕ್ಕೆ ಹತ್ತು ಸಾವಿರ ಶುಲ್ಕ, ನೂರು ಕುಟುಂಬ. ಹತ್ತು ಲಕ್ಷ. ಶಿವಮೊಗ್ಗದಲ್ಲಿ ಇದು ಮರ್ಯಾದೆಯ ಸಂಪಾದನೆ. ನಿಗದಿತ ಶುಲ್ಕಕ್ಕೆ ನೀವು ಹಾಕಿದ ಗರಿಷ್ಠ ಮಿತಿ ಕುಟುಂಬಕ್ಕೆ ವರ್ಷಕ್ಕೆ 1,51,000. ಅದು ಮಹಾನಗರದ ಮಾತು, ನಮಗೆ ಅದರ ಚಿಂತೆ ಇಲ್ಲ. ಹಾಗಿದ್ದರೆ ತೊಡಕೆಲ್ಲಿ? ನಾನು ಈ ಮಾತನ್ನು ನಮ್ಮ ಗ್ರಾಹಕರ ಮುಂದೆ ಇಟ್ಟಾಗ ಬರುವ ಪ್ರತಿಕ್ರಿಯೆಯಲ್ಲೇ ಇದೆ. "ಸಲಹೆಗೆ ಹತ್ತು ಸಾವಿರನಾ? ನಮ್ಮ ಏಜೆಂಟ್ ಸುಮ್ನೆ ಹೇಳ್ತಾರಲ್ಲ!" ಸುಮ್ನೆ ಹೇಳುವುದಿಲ್ಲ, ಕಾಣದ ಕಡೆಯಿಂದ ತೆಗೆದುಕೊಳ್ಳುತ್ತಾರೆ ಅಂದರೆ ನಂಬುವುದಿಲ್ಲ. ಯಾಕೆ ನಂಬಬೇಕು? ಅವರ ಕೈಯಲ್ಲಿರುವ ಯಾವ ಪಾಲಿಸಿ ಕಾಗದದಲ್ಲೂ ಆ ಅಂಕಿ ನಾನು ಕಂಡಿಲ್ಲ.

ತಿಂಗಳಿಗೆ ಹತ್ತು ಸಾವಿರದಂತೆ ಇಪ್ಪತ್ತು ವರ್ಷ ಹಾಕಿದರೆ, ಶೇಕಡಾ 12ರ ಬೆಳವಣಿಗೆಯಲ್ಲಿ ಸುಮಾರು ಒಂದು ಕೋಟಿ ಆಗುತ್ತದೆ. ಶೇಕಡಾ 11ರಲ್ಲಿ ಸುಮಾರು 87 ಲಕ್ಷ. ವರ್ಷಕ್ಕೆ ಒಂದೇ ಒಂದು ಶೇಕಡಾ ಮಧ್ಯದಲ್ಲಿ ಸೋರಿದರೆ ಹನ್ನೆರಡು ಲಕ್ಷಕ್ಕೂ ಜಾಸ್ತಿ. ಈ ಹನ್ನೆರಡು ಲಕ್ಷಕ್ಕೆ ರಸೀದಿ ಇಲ್ಲ, ಹಾಗಾಗಿ ನೋವೂ ಇಲ್ಲ. ಹತ್ತು ಸಾವಿರದ ಚೆಕ್ ಬರೆಯುವಾಗ ಕೈ ನಡುಗುತ್ತದೆ. ನಮ್ಮಲ್ಲಿ ಅಡಿಕೆ ಬೆಳೆಗಾರ ಮಂಡಿಗೆ ಮಾಲು ಹಾಕಿದರೆ ಅವನ ಕೈಗೆ ಒಂದು ಲೆಕ್ಕದ ಪಟ್ಟಿ ಬರುತ್ತದೆ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಯಾವುದಕ್ಕೆ ಎಷ್ಟು ಕಡಿತ, ಎಲ್ಲ ಸಾಲಾಗಿ. ಒಪ್ಪದಿದ್ದರೆ ಮುಂದಿನ ಸಲ ಬೇರೆ ಮಂಡಿಗೆ ಹೋಗುತ್ತಾನೆ. ಅದೇ ಬೆಳೆಗಾರ ಅಡಿಕೆಯ ದುಡ್ಡನ್ನು ಪಾಲಿಸಿಗೆ ಹಾಕುವಾಗ ಅಂಥ ಪಟ್ಟಿ ಕೇಳುವ ದಾರಿಯೇ ಇಲ್ಲ.

ಮ್ಯೂಚುವಲ್ ಫಂಡ್‌ನಲ್ಲಿ ನೀವು ಇದನ್ನು ಮಾಡಿ ತೋರಿಸಿದ್ದೀರಿ. 2016ರಿಂದ ಅರ್ಧವಾರ್ಷಿಕ ಸ್ಟೇಟ್‌ಮೆಂಟಿನಲ್ಲಿ ವಿತರಕನಿಗೆ ಕೊಟ್ಟ ಕಮಿಷನ್ ರೂಪಾಯಿ ಲೆಕ್ಕದಲ್ಲೇ ಇರಬೇಕು ಎಂದು ಮಾಡಿದಿರಿ. ಫಂಡ್ ಉದ್ಯಮ ಮುಳುಗಲಿಲ್ಲ, ಬೆಳೆಯಿತು. ವಿಮೆಯಲ್ಲಿ ಇದಾಗದೆ ಇರಲು ನನಗಂತೂ ಒಳ್ಳೆಯ ಕಾರಣ ಕಾಣುತ್ತಿಲ್ಲ.

ಇನ್ನೊಂದು ವಿಷಯ, ಹೆಸರು ಕೆಟ್ಟ ಬಗ್ಗೆ. ನಿಮ್ಮದೇ ನೋಂದಣಿ ಸಂಖ್ಯೆ ಹೇಳಿಕೊಂಡು "ಸಾರ್, ಗ್ಯಾರಂಟಿ ಟಿಪ್ಸ್ ಇದೆ" ಎಂದು ಫೋನ್ ಮಾಡುತ್ತಿದ್ದವರ ಕಾಟ ನಮ್ಮ ಊರಿನವರೂ ಅನುಭವಿಸಿದ್ದಾರೆ. ದಿನಕ್ಕೆ ಎರಡು ಷೇರಿನ ಹೆಸರು ಹೇಳುವವನಿಗೂ, ಕೂತು ಕುಟುಂಬದ ಸಾಲ, ವಿಮೆ, ನಿವೃತ್ತಿ ನೋಡಿ ಯೋಜನೆ ಬರೆದುಕೊಡುವವನಿಗೂ ಒಂದೇ ಲೈಸೆನ್ಸ್ ಕೊಟ್ಟ ಫಲ ಇದು. ಮೊದಲಿನವನನ್ನು ಹಿಡಿಯಲು ಬಿಗಿ ಮಾಡಿದ ನಿಯಮ ಎರಡನೆಯವನ ಕುತ್ತಿಗೆಗೆ ಬಿತ್ತು. ಟಿಪ್ಸ್ ಮಾರುವವನಿಗೆ ನಿಯಮ ದಾಟುವುದು ಗೊತ್ತು. ಪ್ರಾಮಾಣಿಕನೇ ಲೈಸೆನ್ಸ್ ವಾಪಸ್ ಕೊಟ್ಟು ವಿತರಕನಾಗುವುದು.

ಯೋಜನೆಯ ಅಗತ್ಯ ಮೊದಲಿಗಿಂತ ಈಗ ಎಷ್ಟು ಜಾಸ್ತಿ ಎಂಬುದಕ್ಕೂ ಎರಡು ಮಾತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದ ಹೆಚ್ಚಿನ ಸರ್ಕಾರಿ ನೌಕರರು ಹೊಸ ಪಿಂಚಣಿ ಯೋಜನೆಯಲ್ಲಿ, ಅಂದರೆ ಎನ್‌ಪಿಎಸ್‌ನಲ್ಲಿದ್ದಾರೆ. ಅವರ ಅಪ್ಪಂದಿರಿಗೆ ಇದ್ದ ಖಚಿತ ಪಿಂಚಣಿ ಅವರಿಗಿಲ್ಲ. ನಿವೃತ್ತಿಯಲ್ಲಿ ಎಷ್ಟು ಕೈಗೆ, ಎಷ್ಟು ಪಿಂಚಣಿಗೆ, ಆ ಪಿಂಚಣಿ ಕೊಡುವ ಯಾವ ಆನ್ಯುಟಿ ಪಾಲಿಸಿ ಎಂದು ತಾವೇ ಆರಿಸಬೇಕು. ತೆರಿಗೆಯಲ್ಲೂ ಬದಲಾಗಿದೆ. ಹೊಸ ಪದ್ಧತಿಯಲ್ಲಿ, ವಿಮೆ ಮತ್ತು ಉಳಿತಾಯ ತೋರಿಸಿ ತೆರಿಗೆ ಇಳಿಸುವ 80 ಸಿ ಕಡಿತವೇ ಇಲ್ಲ. 2025ರ ಬಜೆಟ್ ನಂತರ ಅದರಲ್ಲಿ ಹನ್ನೆರಡು ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೂ ಇಲ್ಲ. ಆದರೂ ಫೆಬ್ರವರಿ, ಮಾರ್ಚ್ ಬಂತೆಂದರೆ ಶಾಲೆಯ ಸ್ಟಾಫ್ ರೂಮಿಗೆ ಬಂದು "ಟ್ಯಾಕ್ಸ್ ಉಳಿಸಿ" ಎಂದು ಪಾಲಿಸಿ ಮಾರುತ್ತಾರೆ. ಒಂದು ರೂಪಾಯಿ ತೆರಿಗೆ ಬಾರದವರು ತೆರಿಗೆ ಉಳಿಸಲು ಇಪ್ಪತ್ತು ವರ್ಷದ ಪಾಲಿಸಿ ಮಾಡಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಅದನ್ನು ನೋಡಿದಾಗ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಕಮಿಷನ್ ಪೂರ್ತಿ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಬ್ರಿಟನ್‌ನಲ್ಲಿ 2012ರ ಕೊನೆಗೆ ಹೂಡಿಕೆ ಸಲಹೆಗೆ ಕಮಿಷನ್ ನಿಲ್ಲಿಸಿದರು. ಆಮೇಲೆ ಕಡಿಮೆ ಹಣ ಇರುವವರಿಗೆ ಸಲಹೆಯೇ ಸಿಗುತ್ತಿಲ್ಲ ಎಂಬ ಕೊರಗು ಅಲ್ಲಿ ಎದ್ದಿತು. ತಿಂಗಳಿಗೆ ಐನೂರು ರೂಪಾಯಿ ಉಳಿಸುವವರ ಮನೆ ಬಾಗಿಲಿಗೆ ಹೋಗುವುದು ಇವತ್ತಿಗೂ ಏಜೆಂಟೇ, ಶುಲ್ಕದ ಯೋಜಕ ಹೋಗುವುದಿಲ್ಲ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ. ನಾನು ಕೇಳುತ್ತಿರುವುದು, ಯಾರು ಯಾರಿಂದ ಎಷ್ಟು ಪಡೆಯುತ್ತಾರೆ ಎಂಬುದು ಕೊಳ್ಳುವವನಿಗೆ ಕಾಣಲಿ, ಮತ್ತು ಬೇಕಾದವನಿಗೆ ಇನ್ನೊಂದು ದಾರಿ ಇರಲಿ ಎಂದು.

ಆದ್ದರಿಂದ ತಮ್ಮಲ್ಲಿ ಈ ಮನವಿಗಳು.

ಹಣಕಾಸು ಯೋಜಕರಿಗೆ ಪ್ರತ್ಯೇಕ ನೋಂದಣಿ ಕೊಡಿ. ಷೇರು ಟಿಪ್ಸ್ ಕೊಡದ, ಗ್ರಾಹಕನ ಹಣ ಮುಟ್ಟದ, ಶುಲ್ಕ ಬಿಟ್ಟು ಬೇರೆಲ್ಲಿಂದಲೂ ಪಡೆಯದ ಯೋಜಕನಿಗೆ ಪರೀಕ್ಷೆ ಕಠಿಣವಾಗಿಯೇ ಇರಲಿ, ಕಾಗದದ ಕೆಲಸ ಹಗುರವಾಗಲಿ. ಒಂದೇ ಸಲ ಯೋಜನೆ ಬರೆಸಿಕೊಂಡು ಹೋಗುವ ಗ್ರಾಹಕನಿಗೂ, ವರ್ಷಪೂರ್ತಿ ಜೊತೆ ಇರುವ ಗ್ರಾಹಕನಿಗೂ ಒಂದೇ ದಪ್ಪದ ಒಪ್ಪಂದ ಬೇಕಿಲ್ಲ. ಈಗ ಏಜೆಂಟರೋ ವಿತರಕರೋ ಆಗಿರುವವರಲ್ಲಿ ಯೋಜಕರಾಗಲು ಬಯಸುವವರಿಗೆ ಕೆಲವು ವರ್ಷಗಳ ಕಾಲಾವಕಾಶ ಕೊಡಿ. ಹಳೆಯ ಗ್ರಾಹಕರಿಂದ ಬರುವ ಕಮಿಷನ್ ಒಂದೇ ದಿನ ಬಿಡಬೇಕು ಅಂದರೆ ಯಾರು ಬರುತ್ತಾರೆ? ಹತ್ತಾರು ವರ್ಷ ಜನರ ಮನೆ ಲೆಕ್ಕ ನೋಡಿದವರು ಅವರು. ಅವರಲ್ಲಿ ಒಳ್ಳೆಯವರನ್ನು ಈ ಕಡೆ ಕರೆತಂದರೆ ನಮಗೇ ಲಾಭ.

ಎರಡನೆಯದಾಗಿ, ಪಕ್ಕದ ನಿಯಂತ್ರಕರ ಜೊತೆ ಮಾತಾಡಿ. 2010ರಿಂದ ಹಣಕಾಸು ಸ್ಥಿರತೆ ಮತ್ತು ಅಭಿವೃದ್ಧಿ ಮಂಡಳಿ ಎಂಬುದಿದೆ. ಹಣಕಾಸು ಸಚಿವರು ಅದರ ಅಧ್ಯಕ್ಷರು, ನೀವೂ ಸೇರಿ ಎಲ್ಲ ನಿಯಂತ್ರಕರೂ ಅಲ್ಲಿ ಕೂರುತ್ತೀರಿ. ಅಲ್ಲಿ ಈ ಒಂದು ವಿಷಯ ಇಡಿ: ಪಾಲಿಸಿ, ಫಂಡ್, ಪಿಂಚಣಿ, ಯಾವುದೇ ಇರಲಿ, ಸಹಿ ಹಾಕುವ ಮೊದಲು ಒಂದು ಪುಟದಲ್ಲಿ ಮೊದಲ ವರ್ಷದ ಕಮಿಷನ್ ರೂಪಾಯಿಯಲ್ಲಿ, ಎಷ್ಟು ವರ್ಷ ಕಟ್ಟಬೇಕು, ಮಧ್ಯೆ ಬಿಟ್ಟರೆ ಎಷ್ಟು ಸಿಗುತ್ತದೆ, ಇಷ್ಟು ಬರೆದಿರಬೇಕು. ಗ್ರಾಹಕನ ಭಾಷೆಯಲ್ಲಿ ಬರೆದಿರಬೇಕು. ಹಾಗೆಯೇ ಸಲಹೆಗಾರರ ಒಪ್ಪಂದ ಮತ್ತು ಅಪಾಯದ ಪ್ರಶ್ನಾವಳಿಯ ಮಾದರಿಯನ್ನು ಕನ್ನಡದಲ್ಲಿ ನೀವೇ ಹೊರಡಿಸಿ. ನಾನು ನೋಡಿದವೆಲ್ಲ ಇಂಗ್ಲಿಷಿನವು. ಓದಲಾಗದ ಕಾಗದಕ್ಕೆ ಸಹಿ ಹಾಕಿಸಿಕೊಂಡು "ನೀವೇ ಒಪ್ಪಿದ್ದೀರಿ" ಅನ್ನುವುದು ಯಾವ ನ್ಯಾಯ?

ಹಣಕಾಸು ಸಚಿವಾಲಯಕ್ಕೆ ಒಂದು ಪ್ರತ್ಯೇಕ ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಸೊನ್ನೆ ಆಯಿತು. ಟರ್ಮ್ ವಿಮೆ, ಆರೋಗ್ಯ ವಿಮೆ ಅಗ್ಗವಾಗಿದ್ದು ಒಳ್ಳೆಯದೇ. ಆದರೆ ಯಾವ ವಿಮೆ ಬೇಕು, ಯಾವುದು ಬೇಡ ಎಂದು ಹೇಳುವ ಯೋಜಕ ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದರೆ ಅವನ ಶುಲ್ಕದ ಮೇಲೆ ಈಗಲೂ ಶೇಕಡಾ 18. ಹತ್ತು ಸಾವಿರಕ್ಕೆ ಮೊದಲೇ ಹಿಂಜರಿಯುವವರ ಮುಂದೆ 11,800ರ ಬಿಲ್ ಇಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ ಅಲ್ವಾ? ವ್ಯಕ್ತಿಗಳಿಗೆ ಕೊಡುವ ಹಣಕಾಸು ಸಲಹೆಯ ಮೇಲಿನ ತೆರಿಗೆ ತೆಗೆಯುವ ಪ್ರಸ್ತಾವವನ್ನು ಜಿಎಸ್‌ಟಿ ಮಂಡಳಿಯ ಮುಂದಿಡಬೇಕೆಂದು ಕೋರುತ್ತೇನೆ.

ಕೊನೆಯದು ಸಣ್ಣದು, ನಾಳೆಯೇ ಮಾಡಬಹುದಾದದ್ದು. ನೋಂದಾಯಿತ ಸಲಹೆಗಾರರ ಪಟ್ಟಿಯನ್ನು ಜಿಲ್ಲೆವಾರು, ಕನ್ನಡದಲ್ಲಿ, ಯಾರು ಕುಟುಂಬದ ಯೋಜನೆ ಮಾಡುತ್ತಾರೆ, ಯಾರು ಷೇರು ಸಲಹೆ ಮಾತ್ರ ಕೊಡುತ್ತಾರೆ, ಯಾರು ಫೋನಿನಲ್ಲಿ ಕನ್ನಡ ಮಾತಾಡುತ್ತಾರೆ ಎಂಬ ವಿವರದೊಂದಿಗೆ ಪ್ರಕಟಿಸಿ. ಅದರ ಒಂದು ಪ್ರತಿ ಪ್ರತಿ ಅಂಚೆ ಕಚೇರಿ ಮತ್ತು ಜಿಲ್ಲಾ ಖಜಾನೆಯ ಗೋಡೆಯ ಮೇಲೆ ಇರಲಿ. ಪಿಂಚಣಿದಾರರು ಮೊದಲು ಹೋಗುವುದು ಆ ಎರಡು ಕಡೆಗೇ. ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಒಂದೇ ಹೆಸರಿದ್ದರೂ, ಒಂದೂ ಇಲ್ಲದಿದ್ದರೂ, ಹಾಗೆಯೇ ಅಂಟಿಸಿ. ಖಾಲಿ ಇದ್ದರೆ ಅದು ನಮಗೂ ನಿಮಗೂ ಕಾಣಲಿ.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಉತ್ತರ ಕನ್ನಡದಲ್ಲಿದ್ದರೆ ನನ್ನ ಗ್ರಾಹಕರಿಗೂ ಓದಲು ಕೊಡುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ರಿಟರ್ನ್ ತಯಾರಕ,
ಶಿವಮೊಗ್ಗ